ರಾಯಚೂರು ನಿಲ್ದಾಣದ ಹೊರಗೆ ಮೂರೂವರೆ ತಾಸು

ಕಲಬುರಗಿಯಲ್ಲಿರುವ ನಾವು ರೈಲಿನಲ್ಲಿ ತೆಲಂಗಾಣದ ಗದ್ವಾಲಕ್ಕೆ ಹೋಗಬೇಕೆಂದರೆ ರಾಯಚೂರಿನಲ್ಲಿ ಇಳಿದು ಇನ್ನೊಂದು ರೈಲಿಗೆ ಕಾಯಬೇಕಾಗುತ್ತದೆ. ನನ್ನ ತಂಗಿಯನ್ನು ಗದ್ವಾಲಕ್ಕೆ ಕೊಟ್ಟ ಮೇಲೆ ಅವ್ವನನ್ನು ಕರೆದುಕೊಂಡು ವರ್ಷಕ್ಕೆ ಎರಡು ಮೂರು ಸಲವಾದರೂ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ರಾಯಚೂರು–ಗದ್ವಾಲ ನಡುವಿನ ಸುಮಾರು 60 ಕಿಲೋಮೀಟರ್ ಹಳಿಯಲ್ಲಿ ರೈಲು ಓಡತೊಡಗಿದ್ದು 2013ರಲ್ಲಿ. ಅದಕ್ಕೆ ಮೊದಲು ರಾಯಚೂರಿನಿಂದ ಆಚೆಗೆ ಬಸ್ಸೇ ಗತಿಯಾಗಿತ್ತು. ಈಗ ರೈಲು ಇದೆಯಾದರೂ ದಿನಕ್ಕೆ ಕೆಲವೇ ಗಾಡಿಗಳಿರುವುದರಿಂದ ಒಂದರಿಂದ ಇಳಿದು ಇನ್ನೊಂದನ್ನು ಹತ್ತುವ ನಡುವೆ ಮೂರರಿಂದ ನಾಲ್ಕು ತಾಸು ಕಳೆಯಬೇಕು. ಆ ತಾಸುಗಳನ್ನು, ಅದರಲ್ಲೂ ವಯಸ್ಸಾದವರೊಬ್ಬರು ಜೊತೆಗಿದ್ದಾಗ, ಹೇಗೆ ಕಳೆಯಬೇಕೆಂದು ನಾನು ಒಂದು ತಪ್ಪಿನಿಂದ ಕಲಿತೆ. ಅದೇ ದಾರಿಯಲ್ಲಿ ಹೋಗುವ ಬೇರೆಯವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಅವ್ವನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಮೊದಲ ಸಲ ಹೋದಾಗ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಬುತ್ತಿ ಯಾದಗಿರಿ ದಾಟುವುದರೊಳಗೇ ಮುಗಿದಿತ್ತು, ರಾಯಚೂರಿನಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದ ಮೇಲೆ ಮಧ್ಯಾಹ್ನದ ಮಾತ್ರೆಯನ್ನು ನಾನೇ ಕೊಟ್ಟೆ. ಇಳಿದು ನೋಡಿದರೆ ಎದುರಿನ ಅಂಗಡಿಯಲ್ಲಿ ಪೂರಿ ಆಗಲೇ ಖಾಲಿಯಾಗಿತ್ತು. ಬಿಸ್ಕತ್ತು, ಚಿಪ್ಸ್ ಮತ್ತು ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ. ಸಾಮಾನು ಬಿಟ್ಟು ಹೋಗುವುದು ಹೇಗೆಂಬ ಹೆದರಿಕೆಯಿಂದ ಇಬ್ಬರೂ ಬೆಂಚಿನ ಮೇಲೆಯೇ ಕುಳಿತೆವು. ಮುಕ್ಕಾಲು ತಾಸಿನಲ್ಲಿ ಅವ್ವನ ಹಣೆಯ ಮೇಲೆ ಬೆವರು ಹನಿಗಟ್ಟಿತು, ಕೈ ನಡುಗತೊಡಗಿತು, ಮಾತು ತೊದಲಿತು. ಮಾತ್ರೆ ನುಂಗಿಯೂ ಊಟವಾಗದೆ ರಕ್ತದ ಸಕ್ಕರೆ ತೀರ ಇಳಿದಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ತಮ್ಮ ಚೀಲದಿಂದ ಸಕ್ಕರೆಯ ಪೊಟ್ಟಣವನ್ನು ತೆಗೆದು ನೀರಿನಲ್ಲಿ ಕಲಸಿ ಕುಡಿಸಿದರು, ಆಮೇಲೆ ಒಂದು ಬಾಳೆಹಣ್ಣನ್ನೂ ಕೊಟ್ಟರು. ಹತ್ತು ಹದಿನೈದು ನಿಮಿಷಗಳಲ್ಲಿ ಅವ್ವ ಸುಧಾರಿಸಿಕೊಂಡರು. ಇದನ್ನೆಲ್ಲ ನೋಡುತ್ತಿದ್ದ ಹಮಾಲರೊಬ್ಬರು, "ಹೊರಗ ನಾಕು ಹೆಜ್ಜಿ ನಡದರ ಬಿಸಿ ರೊಟ್ಟಿ ಸಿಗ್ತಾವಲ್ರೀ, ಇಲ್ಲ್ಯಾಕ ಕುಂತೀರಿ ಉಪಾಸ?" ಎಂದು ಕೇಳಿದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಅಂದಿನಿಂದ ನಾನು ರಾಯಚೂರಿನಲ್ಲಿ ಇಳಿದ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಮುಂದಿನ ಗಾಡಿಯ ವಿಚಾರ. ವಿಚಾರಣೆ ಕಿಟಕಿಯಲ್ಲಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಹೊತ್ತಿಗೆ ಸರಿಯಾಗಿ ಇದೆಯೇ ಎಂದು ಕೇಳಿಕೊಳ್ಳುತ್ತೇನೆ, ಹೊರಗೆ ಹೋದ ಮೇಲೂ 139ಕ್ಕೆ ಫೋನ್ ಮಾಡಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳುತ್ತೇನೆ. ಎರಡನೆಯದು ಸಾಮಾನು. ರೈಲ್ವೆಯ ಸಾಮಾನು ಕೊಠಡಿಗಳಲ್ಲಿ ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟನ್ನೂ ತೋರಿಸಬೇಕು. ಆದ್ದರಿಂದ ಊರು ಬಿಡುವಾಗಲೇ ಎರಡು ಸಣ್ಣ ಬೀಗಗಳನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಸಾಮಾನು ಕಡಿಮೆಯಿದ್ದರೆ ಇದಾವುದೂ ಬೇಡ. ನಾವು ಈಗ ಹೆಗಲಿಗೆ ಹಾಕಿಕೊಳ್ಳುವ ಎರಡೇ ಚೀಲಗಳಲ್ಲಿ ಎಲ್ಲವನ್ನೂ ಮುಗಿಸುತ್ತೇವೆ.

ಬೆಳಿಗ್ಗೆ ಇಳಿದಿದ್ದರೆ ತಿನ್ನಬೇಕಾದದ್ದು ಒಗ್ಗರಣೆ–ಮಿರ್ಚಿಯೇ, ಎಂದರೆ ಒಗ್ಗರಿಸಿದ ಮಂಡಾಳು (ಮಂಡಕ್ಕಿ) ಮತ್ತು ಮೆಣಸಿನಕಾಯಿ ಬಜ್ಜಿ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ನಿಲ್ದಾಣದ ಎದುರಿನ ರಸ್ತೆಯಲ್ಲಿ ಸ್ವಲ್ಪ ನಡೆದರೆ ಬಂಡಿಯ ಮುಂದೆ ಆಟೋದವರು, ಹಮಾಲರು, ಕಾಲೇಜಿನ ಹುಡುಗರು ನಿಂತು ತಿನ್ನುತ್ತಿರುತ್ತಾರೆ. ಹೆಚ್ಚು ಜನ ಆಟೋದವರು ನಿಂತಿರುವ ಬಂಡಿಯನ್ನೇ ಆರಿಸಿಕೊಳ್ಳುವುದು ನನ್ನ ಪದ್ಧತಿ, ಏಕೆಂದರೆ ದಿನವೂ ಅಲ್ಲೇ ತಿನ್ನುವವರು ಹಳಸಿದ್ದನ್ನು ಸಹಿಸುವುದಿಲ್ಲ. ಬಂಡಿಯವರು ಮಂಡಾಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಎರಡೂ ಅಂಗೈಗಳ ನಡುವೆ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ, ಕರಿಬೇವು ಬೆಂದಿರುವ ದೊಡ್ಡ ಬಾಣಲೆಗೆ ಉದುರಿಸುತ್ತಾರೆ. ಹಿಂಡುವುದರಲ್ಲಿಯೇ ಕೈಚಳಕವೆಲ್ಲ ಇದೆ: ನೀರು ಉಳಿದರೆ ಮುದ್ದೆಯಾಗುತ್ತದೆ, ಪೂರ್ತಿ ಹಿಂಡಿದರೆ ಬಾಯಿಗೆ ಒಣಒಣವಾಗುತ್ತದೆ. ಕೆಳಗಿಳಿಸುವ ಮುನ್ನ ಪುಟಾಣಿ (ಹುರಿಗಡಲೆ) ಹಿಟ್ಟನ್ನು ಮೇಲಿನಿಂದ ಉದುರಿಸಿ ಸೌಟಿನಿಂದ ಒಮ್ಮೆ ಮಗುಚಿದಾಗ ಆ ಹಿಟ್ಟು ಉಳಿದ ಪಸೆಯನ್ನು ಹೀರಿಕೊಂಡು ಪ್ರತಿಯೊಂದು ಮಂಡಾಳಿಗೂ ಹತ್ತಿಕೊಳ್ಳುತ್ತದೆ. ಪಕ್ಕದ ಎಣ್ಣೆಯಲ್ಲಿ ಉದ್ದನೆಯ ಮೆಣಸಿನಕಾಯಿಗಳು ಕಡಲೆ ಹಿಟ್ಟಿನ ಅಂಗಿ ತೊಟ್ಟು ಉಬ್ಬುತ್ತಿರುತ್ತವೆ. ಒಂದು ತುತ್ತು ಒಗ್ಗರಣೆ, ಒಂದು ಕಡಿತ ಮಿರ್ಚಿ, ಹೀಗೆಯೇ ತಿನ್ನಬೇಕು. ಗದ್ವಾಲದಲ್ಲಿ ನನ್ನ ತಂಗಿಯ ಅತ್ತೆ ಇದನ್ನೇ ಉಗ್ಗಾಣಿ–ಬಜ್ಜಿ ಎನ್ನುತ್ತಾರೆ. ಕೃಷ್ಣೆ ತುಂಗಭದ್ರೆಯರ ಆಚೆ ಈಚೆ ಭಾಷೆ ಬದಲಾದರೂ ಬೆಳಗಿನ ತಿಂಡಿ ಬದಲಾಗಿಲ್ಲ.

ಅವ್ವನಿಗೆ ಮಾತ್ರ ನಾನು ಅರ್ಧ ಪ್ಲೇಟನ್ನೇ ಕೊಡಿಸುತ್ತೇನೆ. ಮಂಡಾಳು ಅಕ್ಕಿಯದೇ ಆದ್ದರಿಂದ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಹಗುರವಾಗಿ ಕಾಣುತ್ತದೆಂದು ಸಕ್ಕರೆ ಕಾಯಿಲೆಯವರು ಹೊಟ್ಟೆ ತುಂಬ ತಿನ್ನುವುದು ಸರಿಯಲ್ಲ. ಶೇಂಗಾ ಹೆಚ್ಚು ಹಾಕಿಕೊಡಿರಿ ಎಂದರೆ ಬಂಡಿಯವರು ಬೇಸರವಿಲ್ಲದೆ ಹಾಕುತ್ತಾರೆ.

ಮಧ್ಯಾಹ್ನಕ್ಕೆ ಖಾನಾವಳಿ. ನಿಲ್ದಾಣದ ರಸ್ತೆಯ ಅಕ್ಕಪಕ್ಕದ ಓಣಿಗಳಲ್ಲಿ ದೊಡ್ಡ ಬೋರ್ಡುಗಳಿಲ್ಲದೆ, ಗೋಡೆಯ ಮೇಲೆ ಬರೆದ ಬರಹದಿಂದಲೇ ಗುರುತು ಹಿಡಿಯಬೇಕಾದ ಸಣ್ಣ ಖಾನಾವಳಿಗಳಿವೆ. ಕಣ್ಣಿಗೆ ಕಾಣದಿದ್ದರೂ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಅಲ್ಲಿಗೆ ಹೋಗಬಹುದು. ನಾವು ಹೋಗುವ ಖಾನಾವಳಿಯಲ್ಲಿ ಕುಳಿತ ಕೂಡಲೇ "ಕಡಕ್ ಬೇಕೋ, ಬಿಸೀವು ಬೇಕೋ?" ಎಂದು ಕೇಳುತ್ತಾರೆ. ಬಿಸಿ ರೊಟ್ಟಿ ಎಂದರೆ ಹಂಚಿನಿಂದ ನೇರವಾಗಿ ತಟ್ಟೆಗೆ ಬರುತ್ತದೆ, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು. ಜೊತೆಗೆ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊಯ್ದ ಉಳ್ಳಾಗಡ್ಡಿ, ಮತ್ತು ಅದೃಷ್ಟವಿದ್ದರೆ ಪುಂಡಿ ಪಲ್ಯ. ಪುಂಡಿ ಸೊಪ್ಪಿನ ಹುಳಿಗೆ ನುಚ್ಚು ಸೇರಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಆ ಪಲ್ಯವನ್ನು ರಾಯಚೂರಿನ ಎರೆ ನೆಲದ ಬಿಳಿಜೋಳದ ರೊಟ್ಟಿಯ ಜೊತೆ ತಿಂದ ದಿನ ಅವ್ವ, "ನಮ್ಮವ್ವ ಮಾಡ್ತಿದ್ಲು ಹಿಂಗ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಮಾತ್ರೆಯನ್ನು ಈಗ ನಾನು ರೈಲಿನಲ್ಲಿ ಕೊಡುವುದಿಲ್ಲ. ರೊಟ್ಟಿ ತಟ್ಟೆಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೊಡುತ್ತೇನೆ. ಖಾನಾವಳಿಗಳಿಗೆ ಒಂದು ಗಂಟೆಯ ಹೊತ್ತಿಗೆ ಹೋಗುವುದು ಲೇಸು, ಮೂರರ ಮೇಲೆ ಪಲ್ಯಗಳು ಮುಗಿದು ಅನ್ನ ಸಾರು ಮಾತ್ರ ಉಳಿದಿರುವುದನ್ನು ನಾನು ನೋಡಿದ್ದೇನೆ.

ನಿಲ್ದಾಣದ ಒಳಗಿನ ತಿನಿಸನ್ನು ನಾನು ತಳ್ಳಿಹಾಕುತ್ತಿಲ್ಲ. ಸಾಮಾನ್ಯ ಬೋಗಿಯ ಪ್ರಯಾಣಿಕರಿಗಾಗಿ ರೈಲ್ವೆಯವರು 2023ರಲ್ಲಿ 20 ರೂಪಾಯಿಗೆ ಏಳು ಪೂರಿ ಮತ್ತು ಆಲೂಗಡ್ಡೆ ಪಲ್ಯದ ಪೊಟ್ಟಣವನ್ನು ಹಲವು ನಿಲ್ದಾಣಗಳಲ್ಲಿ ಆರಂಭಿಸಿದರು. ಗಾಡಿ ನಿಲ್ಲುವ ಎರಡು ನಿಮಿಷದಲ್ಲಿ ಕೊಳ್ಳಬೇಕಾದವರಿಗೆ ಅದು ದೊಡ್ಡ ಆಸರೆ. ನೀರಿನ ವಿಷಯದಲ್ಲಿಯೂ ಅಷ್ಟೆ: ಒಂದು ಲೀಟರ್ ರೈಲ್ ನೀರ್ ಬಾಟಲಿಯ ಬೆಲೆಯನ್ನು 2025ರ ಸೆಪ್ಟೆಂಬರಿನಲ್ಲಿ 15 ರೂಪಾಯಿಯಿಂದ 14ಕ್ಕೆ ಇಳಿಸಿದ್ದಾರೆ. ಆದರೆ ಮೂರೂವರೆ ತಾಸು ಕೈಯಲ್ಲಿರುವವರು ಪೊಟ್ಟಣದ ಪೂರಿ ತಿಂದು ಬೆಂಚಿನ ಮೇಲೆ ಕೂರಬೇಕಾಗಿಲ್ಲ.

ಈ ಊರಿನಲ್ಲಿ ಗಾಡಿ ಬದಲಿಸುವುದು ಇಂದು ನಿನ್ನೆಯದಲ್ಲ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆಯೂ ಹಳಿ ಹಾಸುತ್ತ ಬಂದು 1871ರಲ್ಲಿ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಅಂದು ಎರಡು ಕಂಪನಿಗಳ ಹಳಿಗಳು ಸೇರಿದ ಈ ಜಾಗದಲ್ಲಿ ಎಷ್ಟು ಜನ ಹಸಿದು ಇಳಿದಿರಬಹುದು, ಯಾರ ಮನೆಯ ರೊಟ್ಟಿ ತಿಂದಿರಬಹುದು ಎಂದು ನಾನು ಕಾಯುವಾಗ ಯೋಚಿಸುವುದುಂಟು.

ಊಟವಾದ ಮೇಲೆ ಇನ್ನೂ ಎರಡು ತಾಸು ಉಳಿದಿದ್ದರೆ ಆಟೋ ಹಿಡಿದು ತೀನ್ ಕಂದೀಲ್ ಕಡೆಗೆ ಹೋಗುತ್ತೇವೆ. ಮೂರು ದೀಪಗಳ ಹೆಸರನ್ನು ಹೊತ್ತಿರುವ ಈ ಪೇಟೆಯಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಅಂಗಡಿಯ ಮೆಟ್ಟಿಲ ಮೇಲೆ ಕೇಳಿಸುತ್ತವೆ. ಬೇಸಿಗೆಯಲ್ಲಿ ಮಾತ್ರ ಹಗಲು ಹೊತ್ತು ನಡೆದು ಹೋಗುವ ಸಾಹಸ ಬೇಡ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ವಯಸ್ಸಾದವರಿಗೆ ಅದು ತಡೆಯದು. ಬಸ್ ನಿಲ್ದಾಣದ ಬಳಿಯೇ ಕೋಟೆಯಿದೆ. 1294ರಲ್ಲಿ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಕೆತ್ತಿರುವ ಅಲ್ಲಿನ ಕಲ್ಲು 41 ಅಡಿಗೂ ಹೆಚ್ಚು ಉದ್ದವಿದೆ. ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅದರ ಪಕ್ಕದಲ್ಲಿ ಚಿತ್ರವಾಗಿ ಕೊರೆದಿದ್ದಾರೆ. ಅವ್ವನಿಗೆ ಮೊಣಕಾಲು ನೋವಿರುವುದರಿಂದ ಕೋಟೆಯ ಬೆಟ್ಟ ಹತ್ತುವ ಗೋಜಿಗೆ ನಾವು ಹೋಗುವುದಿಲ್ಲ, ಆಟೋದಲ್ಲಿ ಕುಳಿತೇ ಗೋಡೆಯನ್ನು ನೋಡಿ ಮುಂದೆ ಸಾಗುತ್ತೇವೆ.

ಕೊಳ್ಳುವುದು ನಮ್ಮದು ಬಹಳವಿಲ್ಲ. ಔಷಧದ ಅಂಗಡಿಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ, ದಾರಿಗೆ ನಾಲ್ಕು ಬಾಳೆಹಣ್ಣು, ಆಮೇಲೆ ತಂಗಿಗೆಂದು ಕಡಕ್ ರೊಟ್ಟಿಯ ಒಂದು ಕಟ್ಟು ಮತ್ತು ಕಾಲು ಕಿಲೋ ಶೇಂಗಾ ಚಟ್ನಿ. ಸೀತಾಫಲದ ಕಾಲದಲ್ಲಿ ರಸ್ತೆಯ ಬದಿಗೆ ಬುಟ್ಟಿಗಳು ಸಾಲುಗಟ್ಟಿರುತ್ತವೆ, ಆದರೆ ಗದ್ವಾಲದ ಕಡೆಯೂ ಅವೇ ಹೇರಳವಾಗಿ ಸಿಗುವುದರಿಂದ ಇಲ್ಲಿಂದ ಹೊತ್ತುಕೊಂಡು ಹೋಗುವ ಕಾರಣವಿಲ್ಲ. ಕಡಕ್ ರೊಟ್ಟಿಯ ಮಾತು ಬೇರೆ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ತಂಗಿ ಅದನ್ನು ಡಬ್ಬಿಯಲ್ಲಿ ಇಟ್ಟುಕೊಂಡು ದಿನಕ್ಕೆ ಒಂದೊಂದರಂತೆ ಮೊಸರಿನ ಜೊತೆ ತಿನ್ನುತ್ತಾಳೆ. ಕಟ್ಟು ಕೊಳ್ಳುವಾಗ ನಡುವಿನಿಂದ ಒಂದನ್ನು ಮುರಿದು ನೋಡಿರಿ. ಚಟ್ಟನೆ ಮುರಿದರೆ ಚೆನ್ನಾಗಿ ಒಣಗಿದೆ ಎಂದರ್ಥ, ಬಾಗಿದರೆ ಇನ್ನೂ ಪಸೆಯಿದ್ದು ಬೂಸ್ಟು ಹಿಡಿಯುತ್ತದೆ.

ಗಾಡಿ ಹೊರಡುವುದಕ್ಕೆ ಮುಕ್ಕಾಲು ತಾಸು ಮುಂಚೆ ನಾವು ನಿಲ್ದಾಣದ ಒಳಗಿರುತ್ತೇವೆ. ಇದಕ್ಕಿಂತ ತಡ ಮಾಡುವುದು ನನಗೆ ಒಗ್ಗದು, ಸೇತುವೆಯ ಮೆಟ್ಟಿಲುಗಳನ್ನು ಅವ್ವ ನಿಧಾನವಾಗಿ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಬೇಕು. ಕಳೆದ ಸಲ ಮೇಲೆ ಹತ್ತಿ ನಿಂತಾಗ ಅದೇ ಹಮಾಲರು ಕೆಳಗಿನಿಂದ ಗುರುತು ಹಿಡಿದು, "ಯವ್ವಾ, ಊಟ ಆತೇನು?" ಎಂದು ಕೂಗಿ ಕೇಳಿದರು. ಅವ್ವ ಕೈಯಲ್ಲಿದ್ದ ರೊಟ್ಟಿಯ ಕಟ್ಟನ್ನು ಎತ್ತಿ ತೋರಿಸಿದರು.