ಆ ಫ್ರೀ ಕಿಕ್‌ಗೆ ಸೀಟಿ ಬೇಕಿತ್ತಾ?

ಬೆಂಗಳೂರಿನ ಆಫೀಸುಗಳಲ್ಲಿ ನೀಲಿ ಜೆರ್ಸಿಯವರೂ ಹಳದಿ ಜೆರ್ಸಿಯವರೂ ಒಂದೇ ಟೇಬಲ್ಲಿನಲ್ಲಿ ಊಟ ಮಾಡುತ್ತಾರೆ. ನೀಲಿಯ ಬೆಂಗಳೂರು ಎಫ್‌ಸಿ ಮತ್ತು ಹಳದಿಯ ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ಪಂದ್ಯದ ವಾರ ಬಂತೆಂದರೆ ಆ ಟೇಬಲ್ಲಿನ ಹವಾಮಾನವೇ ಬೇರೆ. 2023ರಲ್ಲಿ ರೆಫರಿಯ ಸೀಟಿಗೆ ಕಾಯದೆ ಹೊಡೆದ ಒಂದು ಫ್ರೀ ಕಿಕ್‌ನ (ಫೌಲ್‌ಗೆ ಪ್ರತಿಯಾಗಿ ಸಿಗುವ ಒದೆತ) ಜಗಳ ಅಲ್ಲಿ ಇನ್ನೂ ಆರಿಲ್ಲ. ಎರಡು ಬೇರೆ ರಾಜ್ಯಗಳ ತಂಡಗಳ ಆಟವನ್ನು ಡರ್ಬಿ, ಅಂದರೆ ಒಂದೇ ಊರಿನ ಎದುರಾಳಿಗಳ ಕಾಳಗ, ಅನ್ನಬಹುದೇ ಎಂದು ತಕರಾರು ತೆಗೆಯುವವರಿದ್ದಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗ್ಯಾಲರಿಯನ್ನು ಒಮ್ಮೆ ನೋಡಿದರೆ ಸಾಕು. ಅಲ್ಲಿನ ಹಳದಿ ಜೆರ್ಸಿಗಳೆಲ್ಲ ಕೊಚ್ಚಿಯಿಂದ ಬಸ್ಸಿನಲ್ಲಿ ಬಂದಿರುವುದಿಲ್ಲ, ಎಷ್ಟೋ ಮಂದಿ ಇದೇ ಊರಿನಲ್ಲಿ ಬಾಡಿಗೆ ಕಟ್ಟುವವರು. ಪಕ್ಕದ ಮನೆಯವನೇ ಎದುರಾಳಿ ಅಂದಮೇಲೆ ಡರ್ಬಿ ಎನ್ನಲು ಇನ್ನೇನು ಬೇಕು?

2017ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ ಮುಖಾಮುಖಿ ನಡೆಯಿತು. ಬೆಂಗಳೂರು 3-1ರಿಂದ ಗೆದ್ದು ಆತಿಥೇಯರ ಹೊಸ ವರ್ಷದ ಸಂಭ್ರಮ ಕೆಡಿಸಿತು. ಬೆಂಗಳೂರಿನಲ್ಲಿ ಬೆಳಗಿದ ಸಿ.ಕೆ. ವಿನೀತ್ ಅಷ್ಟರಲ್ಲಿ ಹಳದಿ ಪಾಳಯ ಸೇರಿಯಾಗಿತ್ತು. ಒಂದು ಕಡೆ ಬೆಂಗಳೂರಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್, ಇನ್ನೊಂದು ಕಡೆ ಬ್ಲಾಸ್ಟರ್ಸ್ ಅಭಿಮಾನಿಗಳ ಮಂಜಪ್ಪಡ. ಕಿಚ್ಚಿಗೆ ಬೇಕಾದ ಸೌದೆಯೆಲ್ಲ ಹೀಗೆ ಕೂಡಿಬಂದಿತ್ತು. ಕಡ್ಡಿ ಗೀರಿದ್ದು ಮಾತ್ರ 2023ರ ಮಾರ್ಚ್ 3ರಂದು.

ಅಂದು ಕಂಠೀರವದಲ್ಲಿ ಪ್ಲೇ-ಆಫ್ ನಾಕೌಟ್ ಪಂದ್ಯ, ಸೋತವರು ಹೊರಗೆ. 90 ನಿಮಿಷ ಮುಗಿದರೂ 0-0. ಹೆಚ್ಚುವರಿ ಅವಧಿ ಶುರುವಾಗಿ ಏಳೆಂಟು ನಿಮಿಷವೂ ಆಗಿರಲಿಲ್ಲ, ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ತನ್ನವರನ್ನು ಸಾಲಾಗಿ ನಿಲ್ಲಿಸಿ ಗೋಡೆ ಜೋಡಿಸುವುದರಲ್ಲಿ ಮುಳುಗಿದ್ದಾಗ ಬೆಂಗಳೂರಿನ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ಸೀಟಿ ಇಲ್ಲ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಹೊರಗೆ ಕರೆದುಕೊಂಡು ಹೋದರು. ಹಾಗೆ ಹೋದವರು ಮರಳಲಿಲ್ಲ. ಬೆಂಗಳೂರು 1-0ರಿಂದ ಗೆದ್ದಿತೆಂದು ಘೋಷಣೆಯಾಯಿತು.

'ಸೀಟಿ ಊದದೆ ಗೋಲು ಹೇಗೆ?' ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಲೇ ಇದೆ. ಪ್ರಶ್ನೆ ಹುಟ್ಟಿರುವುದೇ ತಪ್ಪು ತಿಳಿವಳಿಕೆಯಿಂದ. ಫೌಲ್ ಆದಾಗ ಆಟ ನಿಲ್ಲಿಸಲು ಸೀಟಿ ಬೇಕು, ಆದರೆ ಮತ್ತೆ ಶುರು ಮಾಡಲು ಬಹುತೇಕ ಫ್ರೀ ಕಿಕ್‌ಗಳಿಗೆ ಬೇಕಿಲ್ಲ. ಮೈದಾನದ ನಡುವೆ ಸಿಗುವ ಫ್ರೀ ಕಿಕ್‌ಗಳನ್ನು ಗಮನಿಸಿ, ಚೆಂಡು ನಿಲ್ಲಿಸುತ್ತಾರೆ, ಪಾಸ್ ಕೊಡುತ್ತಾರೆ, ಯಾರೂ ಸೀಟಿಗೆ ಕಾಯುವುದಿಲ್ಲ. ಫುಟ್‌ಬಾಲ್ ನಿಯಮಾವಳಿಯ ನಿಯಮ 5ರ ಪ್ರಕಾರ ಸೀಟಿ ಕಡ್ಡಾಯವಾಗುವ ಸಂದರ್ಭಗಳು ಕೆಲವೇ: ಕಿಕ್-ಆಫ್, ಪೆನಾಲ್ಟಿ, ಎದುರಾಳಿಗಳನ್ನು ನಿಗದಿತ ದೂರಕ್ಕೆ ಕಳಿಸಬೇಕಾದ ಫ್ರೀ ಕಿಕ್, ಮತ್ತೆ ಕಾರ್ಡ್, ಗಾಯ ಅಥವಾ ಬದಲಿ ಆಟಗಾರನ ಕಾರಣಕ್ಕೆ ಆಟ ನಿಂತಿದ್ದರೆ ಅದರ ಮರುಆರಂಭ.

ಜಗಳವೆಲ್ಲ ಇರುವುದು ಈ 'ದೂರಕ್ಕೆ ಕಳಿಸಬೇಕಾದ' ಎಂಬ ಮಾತಿನಲ್ಲಿ. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ಇರಬೇಕು. ಆ ದೂರ ಬಿಟ್ಟುಕೊಡಿಸಿ ಎಂದು ಕೇಳುವುದೋ, ಹತ್ತಿರವಿದ್ದರೂ ಪರವಾಗಿಲ್ಲ ಎಂದು ಹೊಡೆದುಬಿಡುವುದೋ ಫ್ರೀ ಕಿಕ್ ಪಡೆದ ತಂಡಕ್ಕೆ ಬಿಟ್ಟದ್ದು. ಎರಡನೆಯದನ್ನು ಆರಿಸಿದರೆ ಅದರ ಅಪಾಯವೂ ಅವರದೇ: ಹತ್ತಿರವಿದ್ದ ಎದುರಾಳಿ ಚೆಂಡನ್ನು ತಡೆದು ಕಸಿದರೆ ಆಟ ಮುಂದುವರಿಯುತ್ತದೆ, ಇನ್ನೊಮ್ಮೆ ಹೊಡೆಯಲು ಬಿಡುವುದಿಲ್ಲ. ಆದರೆ ಹೊಡೆಯುವುದಕ್ಕೆ ಮುಂಚೆಯೇ ಬೇಕೆಂದು ಅಡ್ಡ ನಿಂತವನಿಗೆ ಹಳದಿ ಕಾರ್ಡ್. ತಡೆದು ಕಸಿಯುವುದು ಸರಿ, ಹೊಡೆಯಲೇ ಬಿಡದಿರುವುದು ತಪ್ಪು. ಓದುವಾಗ ನುಣುಪಾಗಿ ಕಾಣುವ ಈ ಗೆರೆಯನ್ನು ಇಪ್ಪತ್ತು ಸಾವಿರ ಜನರ ಕೂಗಿನ ನಡುವೆ ಒಂದೂವರೆ ಸೆಕೆಂಡಿನಲ್ಲಿ ಎಳೆಯುವುದು ರೆಫರಿಯ ಕೆಲಸ.

ಬ್ಲಾಸ್ಟರ್ಸ್ ಕಡೆಯ ವಾದ ಅಷ್ಟೇನೂ ಪೊಳ್ಳಲ್ಲ. ಫೌಲ್ ಆಗಿ ಸಾಕಷ್ಟು ಹೊತ್ತಾಗಿತ್ತು, ಇದನ್ನು ದಿಢೀರ್ ಫ್ರೀ ಕಿಕ್ ಎನ್ನುವುದು ಹೇಗೆ ಎಂದು ಅವರು ಕೇಳುತ್ತಾರೆ. ನಿಯಮದಲ್ಲಿ 'ಬೇಗ' ಎಂಬುದಕ್ಕೆ ಸೆಕೆಂಡುಗಳ ಲೆಕ್ಕವಿಲ್ಲ. ಐದು ಸೆಕೆಂಡೋ ಮೂವತ್ತೋ, ರೆಫರಿ ಗೋಡೆ ಹಿಂದೆ ಸರಿಸುವ ಕೆಲಸಕ್ಕೆ ಕೈ ಹಾಕದಿದ್ದರೆ ಆಡುವ ಹಕ್ಕು ಉಳಿದೇ ಇರುತ್ತದೆ. ಕೈ ಹಾಕಿದರೆ ಅಲ್ಲಿಗೆ ಮುಗಿಯಿತು, ಆಮೇಲೆ ಸೀಟಿ ಬೇಕೇ ಬೇಕು. ತನಗೆ ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ ಚೆಟ್ರಿ ಆಮೇಲೆ ವಿವರಿಸಿದರು. ತನ್ನ ಮೊದಲ ಪ್ರಯತ್ನಕ್ಕೆ ಬ್ಲಾಸ್ಟರ್ಸ್ ಆಟಗಾರ ಏಡ್ರಿಯನ್ ಲೂನಾ ಅಡ್ಡ ಬಂದಿದ್ದರು, ಅಂದರೆ ಅವರಿಗೂ ಗೊತ್ತಿತ್ತು ಎಂಬುದು ಚೆಟ್ರಿಯ ವಾದ. ಹಾಗೆ ಅಡ್ಡ ಬಂದ ಲೂನಾ ಅಲ್ಲೇ ನಿಂತಿದ್ದರೆ ಹೆಚ್ಚೆಂದರೆ ಒಂದು ಹಳದಿ ಕಾರ್ಡ್. ಸರಿದರು, ಗೋಲಾಯಿತು. ನನ್ನ ಮಟ್ಟಿಗೆ ಗೋಲು ಕಾನೂನುಬದ್ಧ. ಆದರೆ ಅದಕ್ಕೆ ಮುಂಚಿನ ಅರ್ಧ ನಿಮಿಷ ಒಳ್ಳೆಯ ರೆಫರಿಂಗ್‌ನ ಮಾದರಿಯಲ್ಲ. ನಿಯಮಕ್ಕೆ ಸರಿಯಾಗಿ ನಡೆದುಕೊಂಡೂ ಪಂದ್ಯವನ್ನು ಕೈಬಿಡಬಹುದು.

ಹಾಗಾದರೆ ಕೆಲಸ ಗೊತ್ತಿರುವ ರೆಫರಿ ಏನು ಮಾಡುತ್ತಾನೆ? ಗೋಲಿಗೆ ಹತ್ತಿರದ ಫೌಲ್‌ಗೆ ಸೀಟಿ ಊದಿದ ಮೊದಲ ಎರಡು ಮೂರು ಸೆಕೆಂಡು ಚೆಂಡಿನ ಬಳಿಗೆ ನುಗ್ಗುವುದಿಲ್ಲ, ದಾಳಿ ಮಾಡುವವರ ಮುಖ ನೋಡುತ್ತಾನೆ. ಅವರು ಚೆಂಡಿಟ್ಟು ತಕ್ಷಣ ಆಡಹೊರಟರೆ ದಾರಿ ಬಿಡುತ್ತಾನೆ. 'ದೂರ ಕೊಡಿಸಿ' ಎಂದರೆ ಆ ಕ್ಷಣವೇ ಸೀಟಿಯನ್ನು ತಲೆಯೆತ್ತರಕ್ಕೆ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ತೋರಿಸುತ್ತಾನೆ. ಸೀಟಿ ಆಗುವವರೆಗೆ ಆಡುವಂತಿಲ್ಲ ಎಂದು ಹೊಡೆಯುವವನಿಗೂ, ಗೋಲ್‌ಕೀಪರ್‌ಗೂ, ಗ್ಯಾಲರಿಯ ಕೊನೆಯ ಸಾಲಿಗೂ ಒಟ್ಟಿಗೆ ಹೇಳುವ ಸನ್ನೆ ಅದು. ಡರ್ಬಿಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಪಕ್ಕದಲ್ಲಿರುವವನಿಗೇ ಕೇಳಿಸುವುದಿಲ್ಲ. ಹೊಡೆಯುವವನ ಕಿವಿಯಲ್ಲಿ ಮಾತ್ರ ಹೇಳಿದರೆ ಇಡೀ ಎದುರು ತಂಡ ಕತ್ತಲಲ್ಲಿ ಉಳಿಯುತ್ತದೆ.

ಸನ್ನೆಯಾದ ಮೇಲೆ ಚೆಂಡಿನ ಜಾಗಕ್ಕೆ ಗುರುತು ಹಾಕುವ ನೊರೆಯ ಸ್ಪ್ರೇ, ಅಲ್ಲಿಂದ ಸುಮಾರು ಹತ್ತು ಉದ್ದ ಹೆಜ್ಜೆ, ಗೋಡೆಯ ಕಾಲ ಬಳಿ ಇನ್ನೊಂದು ಗೆರೆ. ಹೆಜ್ಜೆಯ ಲೆಕ್ಕ ತಪ್ಪದಿರಲು ಮೈದಾನದ ಗುರುತುಗಳೇ ನೆರವಾಗುತ್ತವೆ. ನಡುವೃತ್ತದ ತ್ರಿಜ್ಯ 9.15 ಮೀಟರ್. ಪೆನಾಲ್ಟಿ ಆವರಣದ ನೆತ್ತಿಯ ಮೇಲಿನ ಕಮಾನು ಪೆನಾಲ್ಟಿ ಗುರುತಿನಿಂದ ಅಷ್ಟೇ ದೂರ. ಆ ಅಳತೆ ಕಣ್ಣಿನಲ್ಲಿ ಕೂತಿದ್ದರೆ ಹೆಜ್ಜೆ ಎಣಿಸುವ ನಾಟಕ ಬೇಕಾಗುವುದಿಲ್ಲ. ಎಡವಟ್ಟಾಗುವುದು ಎಲ್ಲೆಂದರೆ, ಗೋಡೆಯತ್ತ ನಡೆಯುವಾಗ ಚೆಂಡಿಗೆ ಪೂರ್ತಿ ಬೆನ್ನು ಹಾಕಿದಾಗ. ಅತ್ತ ತಿರುಗಿದ್ದೇ ತಡ ಚೆಂಡು ಅರ್ಧ ಮೀಟರ್ ಮುಂದೆ ಸರಿದಿರುತ್ತದೆ, ಗೋಡೆಯೊಳಗೆ ಮೊಣಕೈ ಆಡಿರುತ್ತದೆ. ಅದಕ್ಕೇ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಎರಡೂ ಕಡೆ ಕಣ್ಣಿಡುವ ಅಭ್ಯಾಸ ಬೇಕು. ಮೂವರು ಅಥವಾ ಹೆಚ್ಚು ಮಂದಿಯ ಗೋಡೆಯಿದ್ದರೆ ದಾಳಿ ಮಾಡುವವರು ಅದರಿಂದ ಒಂದು ಮೀಟರ್ ದೂರವಿರಬೇಕೆಂಬ ನಿಯಮ 2019ರಲ್ಲಿ ಬಂತು. ಗೋಡೆಯೊಳಗಿನ ತಳ್ಳಾಟ ಅದರಿಂದ ಬಹಳ ಕಡಿಮೆಯಾಗಿದೆ.

ಇನ್ನು ರಕ್ಷಣೆ ಮಾಡುವವರು. ಗೋಲಿಗೆ ಹತ್ತಿರ ಫ್ರೀ ಕಿಕ್ ಕೊಟ್ಟರೆ ಮೊದಲ ಕೆಲಸ ಗೋಡೆ ಕಟ್ಟುವುದಲ್ಲ, ಚೆಂಡಿನ ಮುಂದೆ ಒಬ್ಬನನ್ನು ಇಡುವುದು. ರೆಫರಿ ದೂರ ಹೋಗು ಎನ್ನುವವರೆಗೆ ಅವನು ಅಲ್ಲಿಂದ ನಿಧಾನವಾಗಿ ಹಿಂದೆ ಸರಿಯುತ್ತಿರಬೇಕು. ಈ ಕೆಲಸಕ್ಕೆ ಈಗಾಗಲೇ ಹಳದಿ ಕಾರ್ಡ್ ತಿಂದವನನ್ನು ಕಳಿಸಬಾರದು, ಇನ್ನೊಂದು ಬಿದ್ದರೆ ಹತ್ತೇ ಮಂದಿ. ಇದು ಆಟದ ಸಭ್ಯತೆಯೇ ಎಂದು ಕೇಳಬೇಡಿ, ಎಲ್ಲ ತಂಡಗಳೂ ಮಾಡುತ್ತವೆ. ಗೋಲ್‌ಕೀಪರ್ ಕಂಬಕ್ಕೆ ಒರಗಿ ಗೋಡೆ ನೇರ ಮಾಡುತ್ತಾ ನಿಲ್ಲುವುದು ಹಳೆಯ ಚಾಳಿ. ಅವನು ಕಂಬದ ಬಳಿ ಇದ್ದಷ್ಟು ಹೊತ್ತು ಉಳಿದ ಗೋಲು ಬಾಗಿಲು ತೆರೆದ ಮನೆ. ಬುದ್ಧಿವಂತ ತಂಡಗಳು ಗೋಡೆ ಜೋಡಿಸುವ ಹೊಣೆಯನ್ನು ಮುಂಚೂಣಿ ಆಟಗಾರನೊಬ್ಬನಿಗೆ ಕೊಡುತ್ತವೆ. ಅವನು ಚೆಂಡಿನ ಹಿಂದೆ ನಿಂತು ಚೆಂಡು, ಗೋಡೆಯ ತುದಿಯವನು ಮತ್ತು ಗೋಲುಕಂಬ ಒಂದೇ ಸಾಲಿಗೆ ಬರುವಂತೆ ಕೈಸನ್ನೆ ಮಾಡುತ್ತಾನೆ. ಗೋಲ್‌ಕೀಪರ್ ತನ್ನ ಜಾಗ ಬಿಟ್ಟು ಕದಲುವುದೇ ಇಲ್ಲ.

ಅಂಗಳದಿಂದ ಹೊರನಡೆದದ್ದಕ್ಕೆ ನನ್ನಲ್ಲಿ ಕಿಂಚಿತ್ತೂ ಸಹಾನುಭೂತಿಯಿಲ್ಲ. ತತ್ವದ ಮಾತು ಹಾಗಿರಲಿ, ಬರೀ ಲೆಕ್ಕ ಹಾಕಿ. ಹೆಚ್ಚುವರಿ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಬಾಕಿ ಇತ್ತು, ಹಿನ್ನಡೆ ಒಂದೇ ಗೋಲಿನದು. ಸಮ ಮಾಡಿಕೊಂಡಿದ್ದರೆ ಪೆನಾಲ್ಟಿ ಶೂಟೌಟ್. ಗೋಲು ಆಯಿತೇ ಇಲ್ಲವೇ ಎಂಬುದರಲ್ಲಿ ರೆಫರಿಯ ತೀರ್ಮಾನವೇ ಅಂತಿಮ, ಅದನ್ನು ಮರಳಿ ನೋಡಲು ಐಎಸ್‌ಎಲ್‌ನಲ್ಲಿ ವಿಎಆರ್ (ವಿಡಿಯೊ ನೆರವಿನ ರೆಫರಿ) ಇರಲಿಲ್ಲ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಆಟ ಮುಂದುವರಿಸಿ, ಪಂದ್ಯ ಮುಗಿದ ಮೇಲೆ ಮ್ಯಾಚ್ ಕಮಿಷನರ್‌ಗೆ ಲಿಖಿತ ದೂರು ಕೊಡುವುದು. ಅಂಗಳ ಬಿಟ್ಟ ಕೂಡಲೇ ವಿಚಾರಣೆಯ ವಿಷಯವೇ ಬದಲಾಗುತ್ತದೆ. ರೆಫರಿಯ ತಪ್ಪು ಹಿಂದೆ ಸರಿದು ತಂಡದ ತಪ್ಪು ಮುಂದೆ ಬರುತ್ತದೆ. ಹಾಗೆಯೇ ಆಯಿತು. ಪಂದ್ಯ ಮತ್ತೆ ಆಡಿಸಬೇಕೆಂಬ ಬ್ಲಾಸ್ಟರ್ಸ್ ಮನವಿ ತಿರಸ್ಕೃತವಾಯಿತು. ಮಾರ್ಚ್ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ ಎಂದಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ.

ಪಾಠ ಗೊತ್ತಿಲ್ಲದ್ದೇನೂ ಅಲ್ಲ. 2012ರ ಡಿಸೆಂಬರ್ 9ರಂದು ಸಾಲ್ಟ್ ಲೇಕ್ ಅಂಗಳದ ಕೋಲ್ಕತ್ತ ಡರ್ಬಿಯಲ್ಲಿ ಈಸ್ಟ್ ಬೆಂಗಾಲ್ ಎದುರು ಮೋಹನ್ ಬಾಗಾನ್ 0-1ರಿಂದ ಹಿಂದಿತ್ತು. ಬಾಗಾನ್‌ನ ಒಡಾಫಾ ಒಕೊಲಿಗೆ ಕೆಂಪು ಕಾರ್ಡ್ ಬಿತ್ತು, ಗ್ಯಾಲರಿಯಿಂದ ಬಂದ ಕಲ್ಲು ಅದೇ ತಂಡದ ರಹೀಂ ನಬಿಗೆ ತಗುಲಿತು. ದ್ವಿತೀಯಾರ್ಧಕ್ಕೆ ತಂಡ ಇಳಿಯಲೇ ಇಲ್ಲ. ದೇಶದ ಅಂದಿನ ಪ್ರಮುಖ ಲೀಗ್ ಆದ ಐ-ಲೀಗ್‌ನಿಂದ ಎರಡು ವರ್ಷ ಹೊರಗೆ ಎಂಬ ಶಿಕ್ಷೆಯಾಯಿತು. ಆಮೇಲೆ ಅದು 2 ಕೋಟಿ ದಂಡಕ್ಕೆ ಇಳಿಯಿತು. ಆ ತಂಡಕ್ಕೆ ಕನಿಷ್ಠ ಕಲ್ಲಿನ ನೆಪವಿತ್ತು.

ಕೋಲ್ಕತ್ತದ ಮಾತು ಬಂದರೆ 1980ರ ಆಗಸ್ಟ್ 16ನ್ನು ದಾಟಿ ಹೋಗಲಾಗದು. ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್‌ನ ದಿಲೀಪ್ ಪಾಲಿತ್, ಮೋಹನ್ ಬಾಗಾನ್‌ನ ಬಿದೇಶ್ ಬೋಸ್ ಮೇಲೆ ಒರಟಾಗಿ ಎರಗಿದರು, ಬೋಸ್ ತಿರುಗಿಬಿದ್ದರು, ಇಬ್ಬರೂ ಹೊರಗೆ. ಅಂಗಳದ ಜಗಳ ಗ್ಯಾಲರಿಗೆ ಹಬ್ಬಿತು, 16 ಮಂದಿ ಅಭಿಮಾನಿಗಳು ಸತ್ತರು. ಡರ್ಬಿಯಲ್ಲಿ ರೆಫರಿಗಳು ಮೊದಲ ಕಾಲು ಗಂಟೆ ಸಣ್ಣ ಫೌಲ್‌ಗೂ ಆಟ ನಿಲ್ಲಿಸುವುದು ಇದಕ್ಕೇ. ಫೌಲ್ ತಿಂದ ತಂಡದ ಲಾಭ ನೋಡಿ ಆಟ ಮುಂದುವರಿಯಲು ಬಿಡಬಹುದಾದ ಕಡೆಯೂ ಬಿಡುವುದಿಲ್ಲ. ಮೊದಲ ಒರಟು ಟ್ಯಾಕಲ್‌ಗೆ ಓಡಿಬಂದು ನಿಲ್ಲುತ್ತಾರೆ. ಮೊದಲು ಮೆಲ್ಲಗೆ ಒಂದು ಮಾತು, ಎರಡನೆಯದಕ್ಕೆ ಆಟಗಾರನನ್ನು ಪಕ್ಕಕ್ಕೆ ಕರೆದು ಎಲ್ಲರಿಗೂ ಕಾಣುವಂತೆ ಎಚ್ಚರಿಕೆ, ಮೂರನೆಯದಕ್ಕೆ ಕಾರ್ಡ್. ತೀರಾ ಒರಟಾದರೆ ಈ ಮೆಟ್ಟಿಲೆಲ್ಲ ಇಲ್ಲ, ನೇರ ಕಾರ್ಡ್. ಟೀವಿ ಮುಂದೆ ಕೂತವರು 'ಆಟ ಹರಿಯಲು ಬಿಡಯ್ಯ' ಎಂದು ಬೈಯುತ್ತಿರುತ್ತಾರೆ. ಬೈಯಲಿ. ಇಲ್ಲೂ ಎಡವುವುದಿದೆ: ಒಂದು ತಂಡದವನಿಗೆ ಕಾರ್ಡ್ ಕೊಟ್ಟ ಐದು ನಿಮಿಷಕ್ಕೆ ಇನ್ನೊಂದು ತಂಡಕ್ಕೂ ಒಂದು ಕೊಟ್ಟು ಸರಿದೂಗಿಸುವ ಆಸೆ. ಅದು ಎರಡೂ ಬೆಂಚುಗಳಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ಪ್ರತಿ ಸೀಟಿಗೂ ಚೌಕಾಸಿ ಶುರು.

ಗ್ಯಾಲರಿಯಲ್ಲಿ ಕೂತವರಿಗೆ ಒಂದು ಮಾತು. ಮುಂದಿನ ಸಲ ಗೋಲಿನ ಹತ್ತಿರ ಫ್ರೀ ಕಿಕ್ ಸಿಕ್ಕಾಗ ಚೆಂಡು ನೋಡಬೇಡಿ, ರೆಫರಿಯ ಕೈ ನೋಡಿ. ಬೆರಳು ಸೀಟಿಯತ್ತ ಹೋದರೆ ನೀರು ಕುಡಿಯಲು ಪುರುಸೊತ್ತಿದೆ. ಹೋಗದಿದ್ದರೆ ಕಣ್ಣು ಮಿಟುಕಿಸಬೇಡಿ.

ಆ ರಾತ್ರಿ ಗೆದ್ದ ಬೆಂಗಳೂರು ಫೈನಲ್‌ವರೆಗೂ ಹೋಗಿ, ಎಟಿಕೆ ಮೋಹನ್ ಬಾಗಾನ್ ಎದುರು 2-2 ಸಮಬಲದ ನಂತರ ಶೂಟೌಟ್‌ನಲ್ಲಿ 3-4ರಿಂದ ಸೋತಿತು. ಬ್ಲಾಸ್ಟರ್ಸ್ ತಂಡಕ್ಕೆ ಊರಿನಲ್ಲಿ ಗೆದ್ದು ಬಂದವರಿಗೆ ಸಲ್ಲುವಂಥ ಸ್ವಾಗತ ಸಿಕ್ಕಿತು. ಮುಂದಿನ ಐಎಸ್‌ಎಲ್ ಋತು ಶುರುವಾದದ್ದೇ ಇವೆರಡು ತಂಡಗಳ ಪಂದ್ಯದಿಂದ, 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ. ಬ್ಲಾಸ್ಟರ್ಸ್ 2-1ರಿಂದ ಗೆದ್ದಿತು, ಒಂದು ಗೋಲು ಲೂನಾದು. ಏಷ್ಯನ್ ಗೇಮ್ಸ್‌ಗೆ ಹೋಗಿದ್ದ ಚೆಟ್ರಿ ಅಂಗಳದಲ್ಲಿರಲಿಲ್ಲ. ನಿಷೇಧ ಮುಗಿಯದ ವುಕೊಮಾನೊವಿಚ್ ಬೆಂಚಿನಲ್ಲೂ ಇರಲಿಲ್ಲ.