ಮತ್ತೊಂದು ಡೆಸ್ಕ್‌ಟಾಪ್ ಬೇಕೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಲಿನಕ್ಸ್ ವಿಷಯ ಮಾತನಾಡಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಗ್ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಸಿನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ, ಬಡ್ಜಿ ಇವೆಲ್ಲ ಇರುವಾಗ ಮುಕ್ತ ತಂತ್ರಾಂಶ ಸಮುದಾಯಕ್ಕೆ ಇನ್ನೂ ಒಂದು ಡೆಸ್ಕ್‌ಟಾಪ್ (ಕಿಟಕಿ, ಮೆನುಗಳನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶ) ಬೇಕೇ? ಇಷ್ಟೊಂದು ಆಯ್ಕೆಗಳ ನಡುವೆ ದಾರಿ ಕಾಣದೆ ಕೇಳುವವರಿದ್ದಾರೆ. ತಾವೇ ಒಂದನ್ನು ಬರೆಯಬೇಕೆಂಬ ಆಸೆಯಿಂದ ಕೇಳುವವರೂ ಇದ್ದಾರೆ. ಬರೆಯುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಮುದಾಯದ ಅಗತ್ಯದ ಮಾತು ಬಂದಾಗ ನಾನು ನೋಡುವುದು ಒಂದನ್ನೇ: ಈ ಹೊಸ ಕೆಲಸದಿಂದ ಉಳಿದ ಡೆಸ್ಕ್‌ಟಾಪ್‌ಗಳಿಗೂ ದಕ್ಕುವಂಥದ್ದು ಏನಾದರೂ ಹುಟ್ಟುತ್ತದೆಯೇ?

ಹಿಂದಿನ ಡೆಸ್ಕ್‌ಟಾಪ್‌ಗಳು ಏಕೆ ಹುಟ್ಟಿದವು ಎಂದು ನೋಡಿದರೆ ಈ ಅಳತೆಗೋಲು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. 1996ರ ಅಕ್ಟೋಬರ್‌ನಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಯೋಜನೆಯನ್ನು ಆರಂಭಿಸಿದಾಗ, ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಲೈಬ್ರರಿಯ (ಪ್ರೋಗ್ರಾಮ್ ಬರೆಯುವವರು ಬಳಸುವ ಸಿದ್ಧ ಕೋಡ್‌ನ ಸಂಗ್ರಹ) ಪರವಾನಗಿ ಪೂರ್ಣ ಮುಕ್ತವಾಗಿರಲಿಲ್ಲ. ಆ ಕಾರಣಕ್ಕೇ ಮರುವರ್ಷ, 1997ರ ಆಗಸ್ಟ್‌ನಲ್ಲಿ, ಮಿಗೆಲ್ ಡಿ ಇಕಾಜ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಯೋಜನೆಯನ್ನು ಪ್ರಕಟಿಸಿದರು. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಂದದ್ದರಿಂದ ಮೂಲ ಜಗಳಕ್ಕೆ ಕಾರಣವೇ ಉಳಿಯಲಿಲ್ಲ; ಆದರೂ ಎರಡೂ ಉಳಿದವು, ಮತ್ತು ಉಳಿದದ್ದರಿಂದ ನಮಗೆ ಲಾಭವೇ ಆಯಿತು. ಇಬ್ಬರಿಗೂ ಒಪ್ಪಿಗೆಯಾಗುವ ಮಾನಕಗಳಿಗಾಗಿ ಹ್ಯಾವೊಕ್ ಪೆನ್ನಿಂಗ್ಟನ್ ಅದೇ ವರ್ಷ ಫ್ರೀಡೆಸ್ಕ್‌ಟಾಪ್ ಯೋಜನೆಯನ್ನು ಆರಂಭಿಸಿದರು. ಪ್ರೋಗ್ರಾಮ್‌ಗಳು ಪರಸ್ಪರ ಸಂದೇಶ ಕಳಿಸಲು ಬಳಸುವ, ಕೆಡಿಇಯ ಡಿಕಾಪ್‌ನಿಂದ ಪ್ರೇರಣೆ ಪಡೆದ ಡಿ-ಬಸ್ ಇಂದು ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಕೆಲಸ ಮಾಡುತ್ತಿದೆ.

2011ರ ಕಥೆ ಬೇರೆ. ಗ್ನೋಮ್ 3 ಬಂದಾಗ ಹಳೆಯ ಬಳಕೆಯ ರೀತಿಯನ್ನು ಬಿಡಲೊಪ್ಪದವರಿಂದ ಮಾಟೆ ಹುಟ್ಟಿತು, ಲಿನಕ್ಸ್ ಮಿಂಟ್ ತಂಡದಿಂದ ಸಿನಮನ್ ಹುಟ್ಟಿತು. ಇನ್ನೊಂದು ಲಿನಕ್ಸ್ ವಿತರಣೆಯಾದ ಉಬುಂಟು ಆ ವರ್ಷ ತನ್ನ ಯೂನಿಟಿಯನ್ನು ಮುಖ್ಯ ಡೆಸ್ಕ್‌ಟಾಪ್ ಮಾಡಿ, 2017ರಲ್ಲಿ ಕೈಬಿಟ್ಟು ಗ್ನೋಮ್‌ಗೆ ಮರಳಿತು. ಇವುಗಳಲ್ಲಿ ಯಾವುದನ್ನೂ ವ್ಯರ್ಥವೆಂದು ನಾನು ಹೇಳಲಾರೆ, ಏಕೆಂದರೆ ಪ್ರತಿಯೊಂದಕ್ಕೂ ಅದನ್ನೇ ನೆಚ್ಚಿಕೊಂಡ ಬಳಕೆದಾರರಿದ್ದರು. ಆದರೆ ಆಗ ಹೊಸ ಡೆಸ್ಕ್‌ಟಾಪ್ ಕಟ್ಟುವುದು ಇಂದಿಗಿಂತ ಬಹಳ ಅಗ್ಗವಾಗಿತ್ತು ಎಂಬುದನ್ನು ಮರೆಯಬಾರದು.

ಅಗ್ಗವಾಗಿದ್ದದ್ದು ಎಕ್ಸ್11 ಇದ್ದುದರಿಂದ. 1987ರಿಂದ ಇರುವ ಆ ವ್ಯವಸ್ಥೆಯಲ್ಲಿ ತೆರೆಗೆ ಚಿತ್ರ ಕಳಿಸುವುದು, ಕೀಲಿಮಣೆ ಮತ್ತು ಮೌಸ್‌ಗಳನ್ನು ನೋಡಿಕೊಳ್ಳುವುದು ಎಲ್ಲವೂ ಎಕ್ಸ್ ಸರ್ವರ್‌ನ ಹೊಣೆ. ಕಿಟಕಿಗಳನ್ನು ಜೋಡಿಸುವ ಸಣ್ಣ ಪ್ರೋಗ್ರಾಮ್ ಒಂದನ್ನು ಬರೆದರೆ ಡೆಸ್ಕ್‌ಟಾಪ್‌ನ ಅರ್ಧ ಕೆಲಸ ಮುಗಿದಂತೆ. ಅದಕ್ಕೆ ಬದಲಿಯಾಗಿ 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್‌ನಲ್ಲಿ ಈ ಹೊಣೆಗಳೆಲ್ಲ ಕಾಂಪೋಸಿಟರ್ ಎಂಬ ಒಂದೇ ಪ್ರೋಗ್ರಾಮ್‌ನ ಮೇಲೆ ಬಿದ್ದಿವೆ. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆ: ಒಂದು ಪ್ರೋಗ್ರಾಮ್‌ನಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಕದ್ದು ನೋಡಲಾಗದು. ಆದರೆ ಹೊಸ ಡೆಸ್ಕ್‌ಟಾಪ್ ಬರೆಯುವವರು ತೆರೆ ಹಂಚಿಕೆಯಿಂದ ಹಿಡಿದು ಭಾಷಾ ಟೈಪಿಂಗ್‌ವರೆಗೆ ಎಲ್ಲಕ್ಕೂ ತಾವೇ ಜವಾಬು ಕೊಡಬೇಕಾಗಿದೆ.

ಇದರ ಹೊರೆ ಮೊದಲು ಬೀಳುವುದು ನಮ್ಮಂಥ ಭಾಷೆಗಳವರ ಮೇಲೆ ಎಂಬ ಕಾರಣಕ್ಕೆ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವೂ, ನುಡಿ ತಂತ್ರಾಂಶದಿಂದ ನಮಗೆಲ್ಲ ಅಭ್ಯಾಸವಾಗಿರುವ ಕಗಪ ವಿನ್ಯಾಸವೂ ಲಿನಕ್ಸ್‌ನ ಸಾಮಾನ್ಯ ಕೀಲಿಮಣೆ ದತ್ತಾಂಶದಲ್ಲೇ ಸೇರಿರುವುದರಿಂದ ಅವು ಹೆಚ್ಚು ತೊಂದರೆಯಿಲ್ಲದೆ ಎಲ್ಲೆಡೆ ಸಿಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಕನ್ನಡ ಪಡೆಯುವ ಲಿಪ್ಯಂತರ ವಿಧಾನದ ಪಾಡು ಹಾಗಲ್ಲ. ಅದಕ್ಕೆ ಒತ್ತಿದ ಕೀಲಿಗಳನ್ನು ಕನ್ನಡವಾಗಿಸುವ ಐಬಸ್ ಅಥವಾ ಎಫ್‌ಸಿಟಿಎಕ್ಸ್ ತಂತ್ರಾಂಶ ಬೇಕು, ಮತ್ತು ಅವುಗಳ ಜೊತೆ ಮಾತನಾಡುವ ವೇಲ್ಯಾಂಡ್ ಪ್ರೋಟೊಕಾಲ್‌ಗಳನ್ನು ಕಾಂಪೋಸಿಟರ್ ಅಳವಡಿಸಿಕೊಂಡಿರಬೇಕು. ಇದರಲ್ಲಿ ದೊಡ್ಡ ಯೋಜನೆಗಳೇ ಒಂದೇ ದಾರಿಯಲ್ಲಿಲ್ಲ: ಗ್ನೋಮ್ ನೇರವಾಗಿ ಐಬಸ್ ಜೊತೆ ಬೆಸೆದುಕೊಂಡಿದೆ, ಪ್ಲಾಸ್ಮಾದಲ್ಲಿ ಅದನ್ನು ‘ವರ್ಚುವಲ್ ಕೀಬೋರ್ಡ್’ ಎಂಬ ವಿಭಾಗದಲ್ಲಿ ಆರಿಸಿಕೊಳ್ಳಬೇಕು. ಹಾಸನದ ಬಿ.ಎಂ. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಅರ್ಜಿ ಟೈಪಿಸುವವರು ಕನ್ನಡವನ್ನು ಆ ಹೆಸರಿನಡಿ ಹುಡುಕಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಅಕ್ಷರ ಮೂಡಿಸುವ ಕೆಲಸ ಇನ್ನೂ ಸೂಕ್ಷ್ಮ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಒತ್ತಕ್ಷರಗಳು ಎಲ್ಲಿ ಕೂರಬೇಕು ಎಂದು ನಿರ್ಧರಿಸುವ ಹಾರ್ಫ್‌ಬಝ್ ಲೈಬ್ರರಿಯನ್ನು ಗುಂಡಿ, ಮೆನುಗಳನ್ನು ಕಟ್ಟಿಕೊಡುವ ಟೂಲ್‌ಕಿಟ್‌ಗಳಾದ ಜಿಟಿಕೆ, ಕ್ಯೂಟಿ ಎರಡೂ ಬಳಸುವುದರಿಂದ, ಅಲ್ಲಿ ಒಂದು ದೋಷ ಸರಿಯಾದರೆ ಎಲ್ಲರಿಗೂ ಸರಿಯಾಗುತ್ತದೆ. ಹೊಸ ಟೂಲ್‌ಕಿಟ್ ಕಟ್ಟುವವರು ಇಂಥ ಹಂಚಿಕೆಯ ಆಧಾರವನ್ನು ಬಿಟ್ಟು ಹೊರಟರೆ, ಕರ್ಸರ್ ಎಲ್ಲಿ ನಿಲ್ಲಬೇಕು, ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಅಳಿಯಬೇಕು ಎಂಬುದನ್ನೆಲ್ಲ ಮೊದಲಿನಿಂದ ಕಲಿಯಬೇಕಾಗುತ್ತದೆ, ಮತ್ತು ಕಲಿಸುವವರು ನಾವೇ ಆಗಬೇಕಾಗುತ್ತದೆ. ಅನುವಾದವೂ ಅಷ್ಟೇ. ಕನ್ನಡಕ್ಕೆ ಮೆನುಗಳನ್ನು ತರುವ ಸ್ವಯಂಸೇವಕರು ಎಂದೂ ಕೆಲವೇ ಮಂದಿ. ಪ್ರತಿ ಹೊಸ ಡೆಸ್ಕ್‌ಟಾಪ್ ಅವರ ಸಂಜೆಗಳನ್ನು ಇನ್ನಷ್ಟು ತೆಳುವಾಗಿ ಹಂಚುತ್ತದೆ.

ಕಣ್ಣು ಕಾಣದವರ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಗಂಭೀರ. ತೆರೆಯನ್ನು ಓದಿ ಹೇಳುವ ಆರ್ಕಾ, ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶದ ನೆರವಿನಿಂದ ಕನ್ನಡವನ್ನೂ ಓದಬಲ್ಲದು. ಆದರೆ ಯಾವ ಕಿಟಕಿ ಮುಂದಿದ್ದರೂ ತನ್ನ ಕೀಲಿಗಳನ್ನು ತಾನೇ ಹಿಡಿಯುವ ಅದರ ಹಳೆಯ ವಿಧಾನ ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಕಾಂಪೋಸಿಟರ್ ಬರೆದವರು ಅದಕ್ಕೆ ದಾರಿ ಮಾಡಿಕೊಡಬೇಕು. ಅದಿಲ್ಲದ ಡೆಸ್ಕ್‌ಟಾಪ್ ಎಷ್ಟೇ ಸುಂದರವಾಗಿದ್ದರೂ ಅಪೂರ್ಣ.

ಹಾಗಾದರೆ ಸಿಸ್ಟಮ್76 ಕಂಪನಿಯ ಹೊಸ ಡೆಸ್ಕ್‌ಟಾಪ್ ಕಾಸ್ಮಿಕ್ ಬೇಕಿತ್ತೇ ಎಂದು ಕೇಳುತ್ತಾರೆ. ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. 2024ರ ಆಗಸ್ಟ್‌ನಲ್ಲಿ ಆಲ್ಫಾ ಹಂತದಲ್ಲಿ ಹೊರಬಂದು 2025ರ ಡಿಸೆಂಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಈ ಡೆಸ್ಕ್‌ಟಾಪ್ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಸ್ಮಿಥೇ, ಐಸ್ಡ್ ಎಂಬ ಸಮುದಾಯದ ಲೈಬ್ರರಿಗಳ ಮೇಲೆ ನಿಂತಿದೆ. ಅದಕ್ಕಾಗಿ ಬರೆದ, ಅಕ್ಷರ ಮೂಡಿಸುವ ಕಾಸ್ಮಿಕ್-ಟೆಕ್ಸ್ಟ್ ಲೈಬ್ರರಿಯನ್ನು ಬೆವಿ ಎಂಬ ಗೇಮ್ ಎಂಜಿನ್ ತನ್ನ 0.15 ಆವೃತ್ತಿಯಲ್ಲಿ ತೆಗೆದುಕೊಂಡಿತು. ಜೊತೆಗೆ ಸಂಬಳ ಕೊಟ್ಟು ಕೆಲಸ ಮಾಡಿಸುವ ಕಂಪನಿಯೊಂದು ಹಿಂದೆ ಇದೆ, ಇದು ಸಣ್ಣ ಮಾತಲ್ಲ.

ಎಲ್‌ಎಕ್ಸ್‌ಕ್ಯೂಟಿ ಆರಿಸಿಕೊಂಡ ದಾರಿ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಗಿದೆ. 2024ರ ನವೆಂಬರ್‌ನ 2.1 ಆವೃತ್ತಿಯಲ್ಲಿ ವೇಲ್ಯಾಂಡ್‌ಗೆ ಬಂದಾಗ ಅದು ತನ್ನದೇ ಕಾಂಪೋಸಿಟರ್ ಬರೆಯಲು ಹೋಗಲಿಲ್ಲ. ಲ್ಯಾಬ್‌ಡಬ್ಲ್ಯೂಸಿ, ಕೆವಿನ್ ಮುಂತಾದ, ಈಗಾಗಲೇ ಇರುವವುಗಳಲ್ಲಿ ಬೇಕಾದ್ದರ ಜೊತೆ ನಡೆಯುವಂತೆ ತನ್ನನ್ನು ಹೊಂದಿಸಿಕೊಂಡಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಕಂಪ್ಯೂಟರ್‌ಗಳು ಸಕಲೇಶಪುರ, ಮೂಡಿಗೆರೆಯ ಕಡೆಯ ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಮೂಲೆ ಸೇರಬಾರದೆಂದರೆ ಇಂಥ ಹಗುರ ಡೆಸ್ಕ್‌ಟಾಪ್‌ಗಳು ಬಾಳಬೇಕು.

ಆದ್ದರಿಂದ ಬರೆಯುವ ಹುಮ್ಮಸ್ಸಿರುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು. ಮೊದಲು ಲ್ಯಾಬ್‌ಡಬ್ಲ್ಯೂಸಿಯಲ್ಲೋ ಕಾಸ್ಮಿಕ್‌ನಲ್ಲೋ ಕನ್ನಡ ಲಿಪ್ಯಂತರದಲ್ಲಿ ಒಂದು ಪುಟ ಟೈಪಿಸಿ ನೋಡಿ, ತಪ್ಪಿದ ಕಡೆ ದೋಷ ವರದಿ ಬರೆಯಿರಿ, ಸಾಧ್ಯವಾದರೆ ತಿದ್ದಿ ಕಳಿಸಿ. ಅದಾದ ಮೇಲೂ ಹೊಸ ಡೆಸ್ಕ್‌ಟಾಪ್ ಕಟ್ಟಲೇಬೇಕೆನಿಸಿದರೆ ಕಟ್ಟಿ. ಆದರೆ ಅದರ ಮೊದಲ ಬಿಡುಗಡೆಯಲ್ಲೇ ಐಬಸ್ ಕೆಲಸ ಮಾಡಲಿ, ಆರ್ಕಾ ಮಾತನಾಡಲಿ.