ಬಾಸ್ತಾ ಕೊಸೀ, ಮೇಲೊಂದಿಷ್ಟು ಕೊಸರು

ಇಟಲಿಯ ಫ್ಲಾರೆನ್ಸ್‌ನ ಸಾಂತಾಂಬ್ರೋಜೊ ಮಾರ್ಕೆಟ್‌ಗೆ ಹೋಗುವ ಮುಂಚೆ 'ಕ್ವಾಂತೊ ಕೋಸ್ತಾ?' (ಎಷ್ಟು?) ಅಂತ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಬೇಕಾಗಲೇ ಇಲ್ಲ, ಎಲ್ಲದರ ಮೇಲೂ ರೇಟು ಬರೆದಿತ್ತು. ಕೆಲಸಕ್ಕೆ ಬಂದದ್ದು 'ಉನ್ ಎತ್ತೊ', ಅಂದರೆ 100 ಗ್ರಾಂ. ಚೀಸ್, ಆಲಿವ್ ಎಲ್ಲ ಈ ಲೆಕ್ಕದಲ್ಲೇ ಕೇಳುವುದು. ಟೊಮೆಟೊ ಒತ್ತಿ ನೋಡಲು ಕೈ ಚಾಚಿದೆ, ಅಂಗಡಿಯ ಅಜ್ಜಿ ಕಣ್ಣಲ್ಲೇ ತಡೆದರು. ಇಲ್ಲಿ ಆರಿಸಿ ಕೊಡುವುದು ಅವರೇ. ಒಂದೊಂದು ತೂಗಿದಾಗಲೂ 'ಆಲ್ತ್ರೊ?' ಅಂತಾರೆ, ಇನ್ನೇನು ಬೇಕು ಅಂತ. 'ಬಾಸ್ತಾ ಕೊಸೀ', ಇಷ್ಟು ಸಾಕು ಅನ್ನಬೇಕು. ಅದು ನೆನಪಾಗುವಷ್ಟರಲ್ಲಿ ಚೀಲ ತುಂಬಿತ್ತು! ಕೊನೆಗೆ ಅಜ್ಜಿ ಸುಮ್ನೆ ಒಂದು ಹಿಡಿ ಪಾರ್ಸ್ಲಿ ಸೊಪ್ಪೂ ತುರುಕಿದರು. ನಮ್ಮ ಸಂತೆಯ ಕೊಸರು ಅಲ್ವಾ ಅದು? ಅದಕ್ಕೆ ಇಟಾಲಿಯನ್ ಪದ ಕೇಳಲು ಮರೆತೇ ಬಂದೆ.